ಶೀಲ್ಡುಗಳನ್ನು ಸವಾಲಿಗಿಟ್ಟ ಮಾಸ್ಟ್ರು

ಅವನು ಬಾಯಲ್ಲಿ ಮೊಳೆ ಇಟ್ಟುಕೊಂಡೇ ಮಾತಾಡುತ್ತಿದ್ದ. ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಕುಶನ್ ಅಂಗಡಿ ಇತ್ತು. ಆಟೋ ಸೀಟು, ಬಸ್ಸಿನ ಸೀಟು ಹೊಲಿಯುವ ಅಂಗಡಿ. ಅಲ್ಲಿ ಅವನು ಕೆಲಸಕ್ಕಿದ್ದ. ತುಟಿಗಳ ನಡುವೆ ಏಳೆಂಟು ಸಣ್ಣ ಮೊಳೆ, ಕೈಯಲ್ಲಿ ಸುತ್ತಿಗೆ. ನಾಲಗೆಯಿಂದ ಒಂದೊಂದೇ ಮೊಳೆ ಮುಂದಕ್ಕೆ ತಳ್ಳಿ ರೆಕ್ಸಿನ್‌ಗೆ ಹೊಡೆಯುತ್ತ, ಜೊತೆಗೇ ನಮ್ಮೊಂದಿಗೆ ಹರಟೆ ಹೊಡೆಯುತ್ತಿದ್ದ. ಬಾಯಲ್ಲಿ ಮೊಳೆ ಇದ್ದಾಗ ಏನು ಕೇಳಿದರೂ 'ಹೂಂ' ಅಂತಲೇ ಉತ್ತರ. ಮೊಳೆ ಇಲ್ಲದಾಗಲೂ ಅವನಿಗೆ ಬೇರೆ ಉತ್ತರ ಬರುತ್ತಿರಲಿಲ್ಲ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲು ಹತ್ತು ಹದಿನೈದು ವರ್ಷ ಬೇಕಾಯಿತು.

ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮೂರಿನವರು ಮತ್ತೊಂದು ಬ್ಯಾನರ್ ಕಟ್ಟುತ್ತಾರೆ, ಅವರ ಪ್ರೀತಿ ನನಗೆ ಗೊತ್ತು. ಊರಿಗೆಲ್ಲ ಅವನು ಮಾಸ್ಟ್ರು, ಡ್ಯಾನ್ಸ್ ಮಾಸ್ಟ್ರು. ಅಷ್ಟು ಸಾಕು.

ತೊಂಬತ್ತರ ದಶಕ ಶುರುವಾಗಿತ್ತು. ನಾಲ್ಕು ಮಂದಿ ದುಡ್ಡು ಹಾಕಿ ಬಾಡಿಗೆಗೆ ತಂದ ವಿಡಿಯೋ ಕ್ಯಾಸೆಟ್ಟಿನ ಕೊನೆಯಲ್ಲಿ, ಸಿನಿಮಾ ಮುಗಿದ ಮೇಲೆ, ಯಾರೋ ರೆಕಾರ್ಡ್ ಮಾಡಿಟ್ಟಿದ್ದ ಹತ್ತು ನಿಮಿಷದ ತುಣುಕೊಂದು ಇತ್ತು. ಅಮೆರಿಕದ ಯಾವುದೋ ಬೀದಿಯಲ್ಲಿ ಹುಡುಗರು ರಟ್ಟು ಹಾಸಿಕೊಂಡು ಅದರ ಮೇಲೆ ಬೆನ್ನು ಊರಿ ಗಿರಗಿರ ತಿರುಗುತ್ತಿದ್ದರು. ಪಕ್ಕದಲ್ಲಿ ಒಬ್ಬ ಮೈಕ್ ಹಿಡಿದು ಜಗಳ ಮಾಡುವವನ ಹಾಗೆ ಪದ ಉದುರಿಸುತ್ತಿದ್ದ. ಅದಕ್ಕೆ ಹಿಪ್ ಹಾಪ್ ಅನ್ನುತ್ತಾರೆ ಎಂದು ನಮಗೆ ಗೊತ್ತಾದದ್ದು ನಮ್ಮ ಗುಂಪು ಒಡೆದುಹೋದ ಮೇಲೆ. ಆಗ ನಮಗೆ ಅದು ಬ್ರೇಕ್ ಡ್ಯಾನ್ಸು. ಅವನು ಆ ತುಣುಕನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಓಡಿಸಿ ಟೇಪು ಕಿತ್ತುಹೋಯಿತು. ಮೂರು ತಿಂಗಳಿಗೆ ಅವನೂ ತಿರುಗಿದ. ಕುಶನ್ ಅಂಗಡಿಯ ಕಡಪಾ ಕಲ್ಲಿನ ನೆಲದ ಮೇಲೆ, ಉಲ್ಟಾ ಹಾಸಿದ ರೆಕ್ಸಿನ್ ಮೇಲೆ, ಬುಗುರಿಯ ಹಾಗೆ ತಿರುಗಿದ. ನಾನು ಕಣ್ಣಾರೆ ಕಂಡವನು.

ಹೀಗೆ ಹುಟ್ಟಿದ್ದು 'ದುರ್ಗ ಬಾಯ್ಸ್'. ಕುಣಿಯಲು ಅವನು ಮತ್ತು ಇನ್ನಿಬ್ಬರು. ಮೈಕ್ ಹಿಡಿಯಲು ನಾನು. ನಾನು ಆಗ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೀಲಿ ಕುಟ್ಟುತ್ತಿದ್ದೆ, ಆ ತಾಳಕ್ಕೇ ಪದ ಕಟ್ಟುವುದು ಅಭ್ಯಾಸವಾಗಿತ್ತು. ಜಾಕೀಟುಗಳನ್ನು ಅವನೇ ಹೊಲಿದ, ಆಟೋ ಸೀಟಿಗೆ ತಂದು ಉಳಿದ ಕೆಂಪು ರೆಕ್ಸಿನ್‌ನಲ್ಲಿ. ಒಂದು ಹಾಡು ಮುಗಿಯುವಷ್ಟರಲ್ಲಿ ಒಳಗೆ ಬೆವರು ಹರಿದು ಚಡ್ಡಿಯವರೆಗೂ ಇಳಿಯುತ್ತಿತ್ತು. ಜನ ಮಾತ್ರ ಆ ಹೊಳಪಿಗೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಮ್ಮ ಹೆಸರುವಾಸಿ ಪದ ಇಷ್ಟೇ:

ನೀರ್ ಬಿಟ್ರಾ ಅಕ್ಕ, ನೀರ್ ಬಿಟ್ರಾ,
ಕೊಡ ಇಟ್ಟು ಕಾದ್ವಿ ಬೆಳಗಾನ,
ವಾಟರ್‌ಮನ್ ಮಾವ ಬರಲೇ ಇಲ್ಲ,
ಪೈಪಿನ್ ಬಾಯಾಗೆ ಗಾಳಿ ಗಾನ.

ನಗಬೇಡಿ. ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುತ್ತಿದ್ದ ಊರಿನಲ್ಲಿ ಈ ನಾಲ್ಕು ಸಾಲಿಗೆ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು, ಗಂಡಸರು ಸೀಟಿ ಹೊಡೆಯುತ್ತಿದ್ದರು. ಆಗ ಅವನು ನೆಲಕ್ಕೆ ಬಿದ್ದು ತಿರುಗತೊಡಗಿದರೆ ನನ್ನ ಪದ ಯಾರಿಗೂ ಬೇಕಿರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚು ಇತ್ತು, ಸುಳ್ಳು ಯಾಕೆ ಹೇಳಲಿ.

ತಾಳ್ಯದಲ್ಲಿ ಒಮ್ಮೆ ಟ್ರಾಕ್ಟರಿನ ಟ್ರೇಲರನ್ನೇ ಸ್ಟೇಜ್ ಮಾಡಿದ್ದರು. ಗಾಲಿಗೆ ಕಲ್ಲು ಕೊಡುವುದನ್ನು ಯಾರೋ ಮರೆತಿದ್ದಾರೆ. ಅವನು ಬೆನ್ನ ಮೇಲೆ ತಿರುಗಿದ ರಭಸಕ್ಕೆ ಟ್ರೇಲರ್ ಮೆಲ್ಲಗೆ ಹೊರಟಿತು. ನಾನು ಮೈಕ್ ಹಿಡಿದವನು ಹಾರಿಕೊಂಡೆ, ಇನ್ನಿಬ್ಬರೂ ಹಾರಿಕೊಂಡರು. ಅವನು ತಿರುಗುತ್ತಲೇ ಇಪ್ಪತ್ತು ಮಾರು ಹೋದ. ಹಿಂದೆ ಜನ ಚಪ್ಪಾಳೆ ಹೊಡೆಯುತ್ತ ಓಡಿದರು, ಅದೂ ಒಂದು ಸ್ಟೆಪ್ಪು ಅಂದುಕೊಂಡು. ಯಾಕಯ್ಯ ಹಾರಲಿಲ್ಲ ಎಂದು ಕೇಳಿದ್ದಕ್ಕೆ, ಜನ ನೋಡುತ್ತಿದ್ದರಲ್ಲ, ಅರ್ಧಕ್ಕೆ ಹೆಂಗೆ ಬಿಡೋದು ಅಂದ. ಆ ರಾತ್ರಿ ಅವನ ಮಂಡಿ ಬೂದುಗುಂಬಳದಷ್ಟು ಊದಿತ್ತು.

ಎಂಟು ವರ್ಷ ಕುಣಿದೆವು. ಗಣಪತಿ ಹಬ್ಬ, ರಾಜ್ಯೋತ್ಸವ, ಯುವಕ ಸಂಘಗಳ ಸ್ಪರ್ಧೆ. ಹೊಸದುರ್ಗದಲ್ಲಿ ಮೊದಲ ಬಹುಮಾನ, ಹೊಳಲ್ಕೆರೆಯಲ್ಲಿ ಮೊದಲ ಬಹುಮಾನ, ಭೀಮಸಮುದ್ರದಲ್ಲಿ ಅಡಿಕೆ ಮಂಡಿಯವರೊಬ್ಬರು ಕೊಟ್ಟ ಬೆಳ್ಳಿ ಬಣ್ಣದ ಶೀಲ್ಡು. ಜಿಲ್ಲಾ ಯುವಜನ ಮೇಳದಲ್ಲಿ ಗೆದ್ದ ಬಹುಮಾನದ ಕಪ್ಪು ಸೊಂಟದೆತ್ತರ ಇತ್ತು. ನಮ್ಮ ಮೂವರ ಮನೆಯಲ್ಲೂ ಹಿರಿಯರು ಇವನ್ನು ಒಳಗೆ ಸೇರಿಸಲಿಲ್ಲ. ಎಲ್ಲ ಅವನ ಮನೆಗೇ ಹೋದವು. ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಗೋಡೆ ತುಂಬಿ, ಅಟ್ಟ ತುಂಬಿ, ಕೊನೆಗೆ ಗಂಡ ಹೆಂಡತಿ ಮಲಗುವ ಚಾಪೆಯ ಸುತ್ತ ಕಪ್ಪುಗಳು ನಿಂತವು. ಅವನ ಹೆಂಡತಿ ಜಾಣೆ. ಒಂದರಲ್ಲಿ ಹುಣಸೆಹಣ್ಣು ತುಂಬಿದಳು, ಒಂದರಲ್ಲಿ ಕಲ್ಲುಪ್ಪು, ಜಿಲ್ಲೆಯ ಕಪ್ಪಿನಲ್ಲಿ ರಾಗಿಹಿಟ್ಟು. ಹಿಟ್ಟು ಬೇಕಾದಾಗ "ಜಿಲ್ಲೆಯಾಗೆ ಎಷ್ಟೈತೆ ನೋಡು" ಎಂದು ಅವರ ಮನೆಯಲ್ಲಿ ಕೇಳುತ್ತಿದ್ದರು.

ಗುಂಪು ಒಡೆಯಲು ಜಗಳವೇನೂ ಬೇಕಾಗಲಿಲ್ಲ. ಒಬ್ಬ ಬಸ್ ಕಂಡಕ್ಟರ್ ಆದ, ಇನ್ನೊಬ್ಬ ಹೊಸದುರ್ಗದಲ್ಲಿ ಅಂಗಡಿ ಇಟ್ಟ, ನನಗೆ ಹೊಳಲ್ಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಸಿಕ್ಕಿತು. ನಮ್ಮನ್ನು ಜನ ಆರು ತಿಂಗಳಲ್ಲಿ ಮರೆತರು. ಅವನನ್ನು ಮರೆಯಲಿಲ್ಲ. ರೇಷನ್ ಕ್ಯೂನಲ್ಲಿ ನಿಂತರೆ ಮಾಸ್ಟ್ರೇ ಒಂದು ಸ್ಟೆಪ್ಪು. ಮದುವೆ ಮೆರವಣಿಗೆ ಅಂಗಡಿಯ ಮುಂದೆ ಬಂದರೆ ಸುತ್ತಿಗೆ ಕಿತ್ತಿಟ್ಟು ಎಳೆದೊಯ್ಯುವುದು. ಗಣಪತಿ ಬಿಡುವ ದಿನವಂತೂ ಊರಿನ ಅರ್ಧ ಗಲ್ಲಿಗಳಿಂದ ಕರೆ. ಬರುತ್ತಿದ್ದ. ಒಂದು ಸುತ್ತು ತಿರುಗಿ, ನಗುತ್ತ, ಕುಂಟುತ್ತ ವಾಪಸ್ ಹೋಗುತ್ತಿದ್ದ.

ಮಂಡಿ ನೋವಿಗೆಂದು ಒಮ್ಮೆ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಎಕ್ಸ್‌ರೇ ತೆಗೆಯುವವನು ಪ್ಲೇಟ್ ಹಿಡಿದುಕೊಂಡು ಇವನ ಮುಖವನ್ನೇ ನೋಡಿದ. ತಮ್ಮ ಊರಿನ ಗಣಪತಿ ಮುಂದೆ ತಿರುಗಿದ್ದು ಇದೇ ಕಾಲಲ್ಲವೇ ಎಂದು ಕೇಳಿದ. ಆಮೇಲೆ ಹೊರಗೆ ಕುಳಿತಿದ್ದ ನರ್ಸನ್ನೂ ಆಯಾಳನ್ನೂ ಕರೆದ. ಸುಮ್ಮನೆ ಕೈಯಲ್ಲಿ ಅಲೆಯ ಹಾಗೆ ಒಂದು ಮಾಡಿ ತೋರಿಸಿ ಸಾಕು ಅಂದ. ಇವನು ತೋರಿಸಿದ! ಎಕ್ಸ್‌ರೇ ಮೇಜಿನ ಮೇಲೆ ಕುಳಿತೇ ಬೆರಳಿನಿಂದ ಭುಜದವರೆಗೆ ಅಲೆ ಹರಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದು ಚೆನ್ನಾಗಿ ಬೈದೆ, ಆಗಲ್ಲ ಅನ್ನೋಕೆ ನಿನಗೇನು ಬಾಯಿ ಬಿದ್ದುಹೋಗಿದೆಯಾ ಅಂತ. ಪಾಪ, ಅಷ್ಟು ಆಸೆಯಿಂದ ಕೇಳಿದರಲ್ಲ ಅಂದ. ಡಾಕ್ಟರು ಮಂಡಿಚಿಪ್ಪು ಸವೆದಿದೆ, ಇನ್ನು ಕುಣಿದರೆ ಕೋಲು ಹಿಡಿಯಬೇಕಾಗುತ್ತದೆ ಎಂದು ಬರೆದುಕೊಟ್ಟರು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಕ್ಕೆ ಅವನಿಗೊಂದು ದಾರಿ ಕಂಡಿತು. ಹೆಂಡತಿಯ ಅಣ್ಣನದು ಹಿರಿಯೂರಿನಲ್ಲಿ ಹೈವೇ ಪಕ್ಕ ಕುಶನ್ ಅಂಗಡಿ. ಲಾರಿ ಸೀಟಿನ ಕೆಲಸ ಬೇಕಾದಷ್ಟು, ಕೈಗೆ ಜನ ಇಲ್ಲ, ಬಂದುಬಿಡಿ ಅಂದಿದ್ದರು. ಅದನ್ನು ನನಗೆ ಹೇಳುವಾಗ ಅವನ ಮುಖದಲ್ಲಿದ್ದ ಬೆಳಕನ್ನು ನಾನು ಸ್ಟೇಜಿನ ಮೇಲೂ ಕಂಡಿರಲಿಲ್ಲ.

"ಹಿರಿಯೂರಾಗೆ ನಾವು ಒಂದೇ ಸಾರಿ ಪ್ರೋಗ್ರಾಂ ಕೊಟ್ಟಿದ್ದು, ನೆಪ್ಪೈತಾ? ಶುರು ಮಾಡಿ ಎಲ್ಡು ನಿಮಿಷಕ್ಕೆ ಕರೆಂಟ್ ಹೋತು. ನನ್ನ ಯಾರೂ ನೋಡೇ ಇಲ್ಲ ಅಲ್ಲಿ. ಒಂದೂರಾಗಾದ್ರೂ ಸೀಟ್ ಹೊಲಿಯೋನು ಅಂತ ಅನ್ನಿಸ್ಕಂಡು ಇರ್ತೀನಿ ಕಣಲೇ."

ಹಿರಿಯೂರು ದುರ್ಗದಿಂದ ಒಂದು ಗಂಟೆಯ ದಾರಿ. ಅವನು ಕೇಳಿದ್ದು ಅಷ್ಟು ದೂರದ ಬಿಡುಗಡೆ ಮಾತ್ರ. ಆದರೆ ಶೀಲ್ಡುಗಳನ್ನು ಕಟ್ಟಿಕೊಂಡು ಹೋದರೆ ಅಲ್ಲಿಯೂ ಅದೇ ಕಥೆ, ಅವನ್ನು ಇಲ್ಲೇ ಕಳೆದುಕೊಂಡು ಹೋಗಬೇಕು ಎಂಬುದು ಅವನ ಲೆಕ್ಕಾಚಾರ. ಮೊದಲು ಎರಡು ಗೋಣಿಚೀಲ ತುಂಬಿಕೊಂಡು ಗುಜರಿ ಅಂಗಡಿಗೆ ಹೋದ. ಗುಜರಿಯವರು ಚೀಲ ಬಿಚ್ಚಿ ನೋಡಿ ಎದ್ದು ನಿಂತರು. ಇದನ್ನು ತಕ್ಕಡಿಗೆ ಹಾಕಿದರೆ ನನ್ನ ಕೈಗೆ ಹುಳ ಬೀಳುತ್ತದೆ ಮಾಸ್ಟ್ರೇ ಅಂದರು. ಟೀ ತರಿಸಿದರು. ಹೋಗುವಾಗ, ಯಾರೋ ತೂಕಕ್ಕೆ ಹಾಕಿ ಹೋಗಿದ್ದ ಕಬಡ್ಡಿಯ ಕಪ್ಪೊಂದನ್ನೂ ಇವನ ಚೀಲಕ್ಕೇ ತುರುಕಿದರು, ನಿಮ್ಮ ಹತ್ತಿರ ಇದ್ದರೆ ಮರ್ಯಾದೆ ಎಂದು. ಅದನ್ನೂ ಹೊತ್ತುಕೊಂಡು ಬಂದ ಮಹರಾಯ.

ಹರಾಜಿನ ಉಪಾಯ ನನ್ನದು. ಹೊರದೇಶದ ಯಾವುದೋ ಹಾಡುಗಾರರ ಗುಂಪು ತಮ್ಮ ಪ್ರಶಸ್ತಿ, ಬಟ್ಟೆ, ಟೋಪಿಗಳನ್ನೆಲ್ಲ ಹರಾಜಿಗಿಟ್ಟಿತೆಂದು, ಅಭಿಮಾನಿಗಳು ಮೇಲೆ ಬಿದ್ದು ಕೊಂಡೊಯ್ದರೆಂದು ಪೇಪರಿನಲ್ಲಿ ಓದಿದ್ದೆ. ನಮ್ಮಲ್ಲೂ ಮಾಡೋಣ, ಒಂದೊಂದು ಮನೆಗೆ ಒಂದೊಂದು ಹೋಗಲಿ, ನಿನ್ನ ಕೋಣೆಯೂ ಖಾಲಿ ನೀನೂ ಖಾಲಿ ಎಂದೆ. ಯುವಕ ಸಂಘದವರು ಗಣಪತಿ ಕೂರಿಸುವ ತಮ್ಮ ಹಾಲ್ ಅನ್ನೇ ಬಿಟ್ಟುಕೊಟ್ಟರು. ಭಾನುವಾರ ಮಧ್ಯಾಹ್ನ ಎಂದು ನಿಗದಿಯಾಯಿತು. ಹಿಂದಿನ ದಿನ ಅವನು ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ.

"ಯಾರೂ ತಗಳ್ಳಿಲ್ಲ ಅಂದ್ರೆ ನೀನಾದ್ರೂ ಒಂದು ತಗಂಡೋಗು. ಒಬ್ಬ ತಗಂಡೋದ್ರೆ ಮಿಕ್ಕಿದೋರಿಗೂ ಧೈರ್ಯ ಬರ್ತತೆ."

ಅಯ್ಯೋ, ಜನ ಕಿತ್ತಾಡುತ್ತಾರೆ ನೋಡ್ತಿರು ಎಂದು ನಾನು ಅವನ ಬೆನ್ನು ತಟ್ಟಿದೆ.

ಇಲ್ಲಿ ನಮ್ಮ ಕಡೆಯ ಸವಾಲಿನ ಪದ್ಧತಿ ಹೇಳಬೇಕು. ಹರಾಜನ್ನು ನಾವು ಸವಾಲು ಅನ್ನುತ್ತೇವೆ. ಗಣಪತಿ ಬಿಡುವ ಮುಂಚೆ ಕಳಸದ ಕಾಯಿ, ಹೂವಿನ ಹಾರ, ಲಾಡು ಎಲ್ಲವನ್ನೂ ಸವಾಲಿಗೆ ಕೂಗುತ್ತೇವೆ. ಯಾರು ಹೆಚ್ಚು ಕೂಗಿದರೋ ಅವರಿಗೆ ವಸ್ತು. ಆದರೆ ದೊಡ್ಡ ಮನಸ್ಸಿನವರು ದುಡ್ಡು ಕೊಟ್ಟು, ವಸ್ತುವನ್ನು ಕಣ್ಣಿಗೊತ್ತಿಕೊಂಡು, ದೇವರಿಗೇ ಇರಲಿ ಎಂದು ವಾಪಸ್ ಕೊಟ್ಟುಬಿಡುತ್ತಾರೆ. ಆಗ ಬೀಳುವ ಚಪ್ಪಾಳೆಯೇ ಬೇರೆ. ತೆಗೆದುಕೊಂಡು ಹೋಗುವವನಿಗೂ ಹಕ್ಕಿದೆ, ಆದರೆ ವಾಪಸ್ ಕೊಟ್ಟವನ ಎದುರು ಅವನು ಸಣ್ಣವನಾಗುತ್ತಾನೆ. ಆ ಸವಾಲನ್ನು ವರ್ಷವರ್ಷ ಕೂಗುತ್ತಿದ್ದವನು ನಾನೇ.

ಆ ಭಾನುವಾರ ಹಾಲ್ ತುಂಬಿ ಬಾಗಿಲಾಚೆಯೂ ಜನ. ಗಣಪತಿ ಕೂರುವ ಕಟ್ಟೆಯ ಮೇಲೆಯೇ ಶೀಲ್ಡು, ಕಪ್ಪು, ಜಾಕೀಟು ಜೋಡಿಸಿದ್ದರು. ಸಂಘದ ಕಾರ್ಯದರ್ಶಿ ಬರಿಗೈಯಲ್ಲಿ ಶುರು ಮಾಡಬಾರದು ಎಂದು ಊದುಬತ್ತಿ ಹಚ್ಚಿದರು, ಒಂದು ಕಾಯಿ ಒಡೆಸಿದರು. ನಾನಾದರೂ ತಡೆಯಬೇಕಿತ್ತು. ತಡೆಯಲಿಲ್ಲ, ಕರ್ಪೂರಕ್ಕೆ ಕೈ ಮುಗಿದೆ. ಮೈಕ್ ಹಿಡಿದ ತಕ್ಷಣ ಗಣಪತಿ ಸವಾಲಿನ ಅದೇ ರಾಗ ಬಾಯಿಗೆ ಬಂತು, ಭಕ್ತಾದಿಗಳು ಗಮನಿಸಬೇಕು ಎಂದೇ ಶುರು ಮಾಡಿದೆ. ಅಲ್ಲಿಗೆ ಮುಗಿಯಿತು. ಅದು ಸಾಮಾನಿನ ಹರಾಜಾಗಿ ಉಳಿಯಲಿಲ್ಲ.

ಮೊದಲು ಎತ್ತಿದ್ದು ಭೀಮಸಮುದ್ರದ ಶೀಲ್ಡು. ಅದನ್ನು ಅಂದು ಕೊಟ್ಟಿದ್ದ ಅಡಿಕೆ ಮಂಡಿಯ ಯಜಮಾನರೇ ಬಂದಿದ್ದರು. ಕೂಗಿದರು, ಗೆದ್ದರು, ನೋಟು ಎಣಿಸಿ ತಟ್ಟೆಗಿಟ್ಟರು. ಶೀಲ್ಡನ್ನು ಕಣ್ಣಿಗೊತ್ತಿಕೊಂಡು, ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಇವನ ತೊಡೆಯ ಮೇಲೆ ತಂದಿಟ್ಟರು. "ಇದು ನಿಮ್ಮತ್ರ ಇದ್ರೇನೇ ಚೆಂದ ಮಾಸ್ಟ್ರೇ" ಅಂದರು. ಹಾಲ್ ಕಿತ್ತುಹೋಗುವ ಹಾಗೆ ಚಪ್ಪಾಳೆ. ಎರಡನೆಯದು ಹೋಯಿತು, ವಾಪಸ್ ಬಂತು. ಮೂರನೆಯದು ಹೋಯಿತು, ವಾಪಸ್ ಬಂತು. ಆಮೇಲೆ ಜನಕ್ಕೆ ಕೊಡುವುದೇ ಹುರುಪು. ಅವನ ತೊಡೆ ತುಂಬಿ, ಕಾಲ ಬುಡ ತುಂಬಿ, ಕುರ್ಚಿಯ ಸುತ್ತ ಕಪ್ಪುಗಳು ನಿಂತು ಅವನು ಎದ್ದು ಬರಲು ಜಾಗವೇ ಇಲ್ಲದಾಯಿತು.

ನಿಜವಾದ ಗಿರಾಕಿ ಒಬ್ಬರೇ ಬಂದಿದ್ದರು. ಮದಕರಿಪುರದಿಂದ ದಿನಾ ಸೈಕಲ್ಲಿನಲ್ಲಿ ಹಾಲು ತರುವ ನಡುವಯಸ್ಸಿನವರು. ಅವರು ಕೆಂಪು ಜಾಕೀಟು ಕೂಗಿ ಗೆದ್ದರು, ಮಡಿಸಿ ಚೀಲಕ್ಕೆ ಹಾಕಿಕೊಂಡು ಸುಮ್ಮನೆ ಬಾಗಿಲ ಕಡೆ ನಡೆದರು. ಇವನು ಕುರ್ಚಿಯಿಂದ ಅರ್ಧ ಎದ್ದ, ಮುಖದಲ್ಲಿ ಅದೇ ಹಿರಿಯೂರಿನ ಬೆಳಕು. ಅಷ್ಟರಲ್ಲಿ ಬಾಗಿಲಲ್ಲಿದ್ದವರು ಗೊಣಗತೊಡಗಿದರು. ಎಲ್ಲರೂ ಬಿಟ್ಟುಕೊಡ್ತಾರೆ, ಈಯಪ್ಪ ನೋಡ್ರಿ, ಹಾಲಿನ ಕ್ಯಾನಿಗೆ ಹೊದಿಸ್ತಾನೇನೋ ಎಂದು ಯಾರೋ ಅಂದರು. ಹಾಲಿನವರು ತಲೆ ತಗ್ಗಿಸಿ ವಾಪಸ್ ಬಂದರು.

"ಬ್ಯಾಡ್ರಿ, ಕೊಡಬ್ಯಾಡ್ರಿ. ತಗಂಡೋಗ್ರಿ ನೀವು. ನಿಮ್ಮ ಕಾಲಿಗೆ ಬೀಳ್ತೀನಿ, ತಗಂಡೋಗ್ರಿ" ಎಂದು ಇವನು ಎರಡೂ ಕೈ ಜೋಡಿಸಿದ.

ಹುಟ್ಟಿ ಬೆಳೆದ ಮೇಲೆ ಅವನು ಬೇಡ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಜನ ಅದನ್ನು ವಿನಯ ಅಂದುಕೊಂಡರು. ಎಂಥಾ ದೊಡ್ಡ ಮನುಷ್ಯ ನೋಡ್ರಪ್ಪ ಎಂದು ಎದ್ದು ನಿಂತು ಚಪ್ಪಾಳೆ ಹೊಡೆದರು. ಹಾಲಿನವರು ಜಾಕೀಟನ್ನು ಅವನ ಹೆಗಲಿಗೇ ಹೊದಿಸಿ ಕಣ್ಣೊರೆಸಿಕೊಂಡು ಹೋದರು.

ಕೊನೆಗೆ ಉಳಿದದ್ದು ಜಿಲ್ಲೆಯ ಕಪ್ಪು. ಅವನು ನನ್ನನ್ನೇ ನೋಡುತ್ತಿದ್ದ. ಹಿಂದಿನ ದಿನ ಅವನು ಕೇಳಿಕೊಂಡದ್ದು ನನಗೆ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿ ನೆನಪಿತ್ತು. ನಾನೇ ಕೂಗಿದೆ, ಒಂದನೇ ಸಾರಿ ಎರಡನೇ ಸಾರಿ ಮೂರನೇ ಸಾರಿ ಎಂದು ನನಗೆ ನಾನೇ ಮುಗಿಸಿದೆ. ಕಪ್ಪು ನನ್ನ ತೋಳಿನಲ್ಲಿತ್ತು. ಕಂಠದ ಅಂಚಿನಲ್ಲಿ ರಾಗಿಹಿಟ್ಟು ಅಂಟಿತ್ತು. ಕಟ್ಟೆ ಇಳಿದು ನಾಲ್ಕು ಹೆಜ್ಜೆ ಹಾಕಿ ಬಾಗಿಲು ದಾಟಿದ್ದರೆ ಆಗಿತ್ತು. ಆದರೆ ಇನ್ನೊಂದು ಕೈಯಲ್ಲಿ ಮೈಕ್ ಇತ್ತು, ಎದುರಿಗೆ ಅಷ್ಟು ಜನ ಉಸಿರು ಹಿಡಿದು ಕಾಯುತ್ತಿದ್ದರು, ಮತ್ತು ಅಷ್ಟೂ ವರ್ಷದಲ್ಲಿ ಮೊದಲ ಸಲ ಅವರು ಅವನನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು. ದುರ್ಗ ಬಾಯ್ಸ್ ಅಂದರೆ ಮಾಸ್ಟ್ರು, ಮಾಸ್ಟ್ರು ಅಂದರೆ ದುರ್ಗ ಎಂದೇನೋ ಒದರಿದೆ. ಅಳುವೂ ಬಂತು. ಕಪ್ಪನ್ನು ತಂದು ಅವನ ಮುಂದೆ ಇಟ್ಟೆ. ಅವನು ಅದನ್ನು ಎರಡೂ ಕೈಯಿಂದ ತೆಗೆದುಕೊಂಡ.

ಕಾರ್ಯದರ್ಶಿಗಳು ಅಲ್ಲೇ ಘೋಷಿಸಿದರು. ಬಂದ ಹಣದಲ್ಲಿ ಸಂಘದ ಹಾಲ್‌ನ ಪಕ್ಕದ ಕೋಣೆ ಹಿಡಿದು ಮಾಸ್ಟ್ರಿಗೆ ಡ್ಯಾನ್ಸ್ ಕ್ಲಾಸ್ ಮಾಡಿಕೊಡುವುದು, ಊರು ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವುದು. ಆಮೇಲೆ ಒನ್ಸ್ ಮೋರ್ ಶುರುವಾಯಿತು. ಅವನು ಜಾಕೀಟಿನ ಗುಂಡಿ ಹಾಕಿಕೊಂಡ, ಕಪ್ಪುಗಳನ್ನು ದಾಟಿ ಬಂದ, ಒಂದು ಸುತ್ತು ತಿರುಗಿದ. ಏಳುವಾಗ ನನ್ನ ಭುಜ ಹಿಡಿದುಕೊಂಡ. ಆ ಹಿಡಿತದಲ್ಲಿ ಅವನ ನೋವೆಷ್ಟಿತ್ತೆಂದು ನನಗೆ ಗೊತ್ತಾಯಿತು.

ಸಂಜೆ ಟೆಂಪೋದ ಹಿಂದೆ ಶೀಲ್ಡುಗಳ ನಡುವೆ ನಾವಿಬ್ಬರೂ ಕುಳಿತಿದ್ದೆವು. ನನಗೆ ಸುಮ್ಮನಿರಲಾಗಲಿಲ್ಲ. ನೋಡಿದ್ಯಾ, ಜನಕ್ಕೆ ನಿನ್ನ ಮೇಲೆ ಎಷ್ಟು ಪ್ರೀತಿ ಎಂದೆ.

"ಪ್ರೀತಿನೇ ಕಣಲೇ. ನನ್ನ ಕಂಡ್ರೆ ಆಗದಿರೋರು ಆಗಿದ್ರೆ ಹೊತ್ಕಂಡು ಹೋಗಿರೋರು. ನಾನು ನಾಳೆ ಬಸ್ ಹತ್ತಿರ್ತಿದ್ದೆ" ಅಂದ. ಉರುಳಿದ ಕಪ್ಪೊಂದನ್ನು ನೆಟ್ಟಗೆ ನಿಲ್ಲಿಸಿ, "ನೀನೂ ಹಂಗೇ ಮಾಡ್ದಲ್ಲ" ಅಂದ.

ಬೈಯಲಿಲ್ಲ. ಬೈದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಆ ರಾತ್ರಿ ನಾನು ಹೊಳಲ್ಕೆರೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಹಿರಿಯೂರಿಗೆ ಅವನು ಹೋಗಲಿಲ್ಲ. ಅಷ್ಟು ಜನ ಅಷ್ಟು ಮರ್ಯಾದೆ ಮಾಡಿದ ಮೇಲೆ ಹೆಂಗೆ ಹೋಗೋದು ಅಂದನಂತೆ. ಅಲ್ಲಿನ ಅಂಗಡಿಗೆ ಬೇರೆ ಯಾರೋ ಸೇರಿಕೊಂಡರು. ಡ್ಯಾನ್ಸ್ ಕ್ಲಾಸಿಗೆ ಬೋರ್ಡು ಬಿತ್ತು, ಬಾಗಿಲಿನಿಂದ ಒಳಗಿನ ಗೋಡೆಯವರೆಗೆ ಶೀಲ್ಡುಗಳು ಏರಿದವು. ಬೆಳಗ್ಗೆ ಕುಶನ್ ಕೆಲಸ, ಸಂಜೆ ಕುರ್ಚಿಯ ಮೇಲೆ ಕುಳಿತು ಸ್ಕೂಲ್ ಡೇಗೆ ಮಕ್ಕಳನ್ನು ಕುಣಿಸುವುದು. ನಾನು ಹೋದಾಗಲೆಲ್ಲ ಪಕ್ಕದ ಸ್ಟೂಲು ತೋರಿಸಿ, ಟೀ ಹೇಳಿ, ಮಕ್ಕಳ ಕಾಲುಗಳನ್ನೇ ನೋಡುತ್ತಿರುತ್ತಿದ್ದ. ಗಣಪತಿ ಬಂದರೆ ಅವನನ್ನು ಕುರ್ಚಿ ಸಮೇತ ಎತ್ತಿಕೊಂಡು ಮೆರವಣಿಗೆಗೆ ಹೋಗುತ್ತಿದ್ದರು. ಕುರ್ಚಿಯ ಮೇಲಿಂದಲೇ ಕೈಯಲ್ಲಿ ಅಲೆ ಮಾಡುತ್ತಿದ್ದ. ಐದು ವರ್ಷ ಹೀಗೆ ನಡೆಯಿತು.

ಒಂದು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಹೊಳಲ್ಕೆರೆಯಿಂದ ನಾನು ಬರುವಷ್ಟರಲ್ಲಿ ಮನೆಯ ಮುಂದೆ ಶಾಮಿಯಾನ ಹಾಕಿ ಹೆಣ ಮಲಗಿಸಿದ್ದರು. ಕ್ಲಾಸಿನಿಂದ ಎಲ್ಲ ಶೀಲ್ಡುಗಳನ್ನೂ ಹೊತ್ತು ತಂದು ತಲೆಯಿಂದ ಕಾಲಿನವರೆಗೆ ಜೋಡಿಸಿದ್ದರು. ಮೈಮೇಲೆ ಕೆಂಪು ಜಾಕೀಟು ಹೊದಿಸಿದ್ದರು. ಎರಡು ಸೌಂಡ್ ಬಾಕ್ಸ್ ಬಂದವು. ಅವನ ಶಿಷ್ಯರು ಅಳುತ್ತಲೇ ಕುಣಿಯತೊಡಗಿದರು, ಬೀದಿಯ ಜನ ಅಳುತ್ತಲೇ ಸೀಟಿ ಹೊಡೆದರು. ಕಾರ್ಯದರ್ಶಿಗಳು ನನ್ನ ಕೈಗೆ ಮೈಕ್ ಕೊಟ್ಟು, ಆ ನೀರಿನ ಪದ ಹೇಳಿ, ಮಾಸ್ಟ್ರ ಆತ್ಮಕ್ಕೆ ಖುಷಿಯಾಗಲಿ ಅಂದರು. ನಾನು ಕೆಮ್ಮಿ ಗಂಟಲು ಸರಿ ಮಾಡಿಕೊಂಡೆ. ಬಾಯಿ ತೆರೆದೆ ಕೂಡ.

ತಲೆಯ ಬಳಿ ಕುಳಿತಿದ್ದ ಅವನ ಹೆಂಡತಿ ಎದ್ದು ಬಂದಳು. ಸೌಂಡ್ ಬಾಕ್ಸಿನ ವೈರನ್ನು ಕಿತ್ತು ಕೆಳಗೆ ಹಾಕಿದಳು. ಇಡೀ ಬೀದಿ ತಣ್ಣಗಾಯಿತು. ಅವಳು ಯಾರ ಕಡೆಯೂ ನೋಡಲಿಲ್ಲ, ನನ್ನ ಎದುರಿಗೆ ಬಂದು ನಿಂತಳು.

"ಇವತ್ತೊಂದಿನ ಮಲಗ್ಲಿ ಬಿಡ್ರಣ್ಣ ಅವ್ರು" ಅಂದಳು.